ಲೆಕ್ಕ ಕೇಳುವುದು ಅವಿಶ್ವಾಸವೇ?

ಸಂಘ-ಸಂಸ್ಥೆಗಳ ವಾರ್ಷಿಕ ಮಹಾಸಭೆಯಲ್ಲಿ ಒಂದು ಘಳಿಗೆ ಬರುವುದುಂಟು. ಕಾರ್ಯದರ್ಶಿಗಳ ವರದಿ ಮುಗಿದು, ಕೋಶಾಧ್ಯಕ್ಷರು ಎದ್ದು ನಿಂತು ಜಮಾ-ಖರ್ಚಿನ ಪಟ್ಟಿಯನ್ನು ಓದತೊಡಗುತ್ತಾರೆ. ಹಿಂದಿನ ಸಾಲುಗಳಲ್ಲಿ ಆಗಲೇ ಊಟದ ಮಾತು ಆರಂಭವಾಗಿರುತ್ತದೆ. ಪಟ್ಟಿ ಅರ್ಧಕ್ಕೆ ಬರುವ ಮುನ್ನವೇ ಯಾರೋ ಒಬ್ಬರು "ಅನುಮೋದಿಸುತ್ತೇನೆ" ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಅಕಸ್ಮಾತ್ ಒಬ್ಬ ಸದಸ್ಯರು ಎದ್ದು, "ಸ್ವಾಮೀ, ಛಾಪಖಾನೆಗೆ ಕೊಟ್ಟ ಹಣ ಹೋದ ವರ್ಷದ ಎರಡರಷ್ಟಾಗಿದೆಯಲ್ಲ, ಕಾರಣವೇನು?" ಎಂದರೆ ಸಭೆಯ ಮುಖವೇ ಬದಲಾಗುತ್ತದೆ. "ಪಾಪ, ಮನೆಮಠ ಬಿಟ್ಟು ದುಡಿಯುವವರನ್ನು ಹೀಗೆ ಕೇಳುವುದೇ?" ಎಂದು ಅಕ್ಕಪಕ್ಕದವರು ಗೊಣಗುತ್ತಾರೆ. ಕೇಳಿದವರು ಜಗಳಗಂಟರೆನಿಸಿಕೊಳ್ಳುತ್ತಾರೆ. ಕೋಶಾಧ್ಯಕ್ಷರಿಗೂ ಮನಸ್ಸಿಗೆ ನೋವಾಗುತ್ತದೆ.

ಇದು ಚಿಕ್ಕ ಸಂಗತಿಯಂತೆ ಕಂಡರೂ ಇದರೊಳಗೆ ಒಂದು ದೊಡ್ಡ ನೈತಿಕ ಪ್ರಶ್ನೆ ಅಡಗಿದೆ. ನಾವು ನಂಬಿದವರ ಕೈಗೆ ಹಣ ಕೊಟ್ಟಿದ್ದೇವೆ. ನಂಬಿದ ಮೇಲೆ ಲೆಕ್ಕ ಕೇಳುವುದೇಕೆ? ನಂಬಿಕೆಯಿಲ್ಲದಿದ್ದರೆ ಕೊಟ್ಟದ್ದೇಕೆ? ಲೆಕ್ಕ ಕೇಳುವುದು ಅವಿಶ್ವಾಸದ ಲಕ್ಷಣವೇ? ಸಂಘದ ಕೆಲವು ಸಾವಿರ ರೂಪಾಯಿಗಳ ಬಗ್ಗೆ ಏಳುವ ಈ ಪ್ರಶ್ನೆ, ರಾಜ್ಯದ ಬೊಕ್ಕಸದ ಲಕ್ಷಾಂತರ ಕೋಟಿಗಳ ಬಗ್ಗೆಯೂ ಹಾಗೆಯೇ ಏಳುತ್ತದೆ. ಅದಕ್ಕೆ ನಮ್ಮ ಹಿಂದಿನವರು ಏನು ಹೇಳಿದರು, ಈಗಿನ ಕಾನೂನು ಏನು ಹೇಳುತ್ತದೆ, ಇವೆರಡೂ ಹೇಳದೆ ನಮಗೇ ಬಿಟ್ಟದ್ದು ಏನು ಎಂಬುದನ್ನು ಇಲ್ಲಿ ವಿಚಾರ ಮಾಡಬಹುದು.

ಹೈದರಾಬಾದಿನಲ್ಲಿ ನೆಲೆಸಿರುವ ನಮಗೆ ಇದಕ್ಕೆ ಉದಾಹರಣೆಯನ್ನು ದೂರದಿಂದ ತರಬೇಕಾಗಿಲ್ಲ. ಊರಿನಿಂದ ಬಂದ ನೆಂಟರಿಷ್ಟರನ್ನು ಗೋಲ್ಕೊಂಡದ ಕೋಟೆಗೆ ಕರೆದೊಯ್ದವರೆಲ್ಲ ರಾಮದಾಸನ ಸೆರೆಮನೆಯನ್ನು ನೋಡಿದ್ದಾರೆ. ಹದಿನೇಳನೆಯ ಶತಮಾನದ ಕಂಚರ್ಲ ಗೋಪಣ್ಣನೇ ಭದ್ರಾಚಲದ ರಾಮದಾಸ. ಗೋಲ್ಕೊಂಡದ ಕೊನೆಯ ಸುಲ್ತಾನ ತಾನೀಷಾನ ಕಾಲದಲ್ಲಿ ತಹಸೀಲ್ದಾರನಾಗಿದ್ದವನು. ಮಂತ್ರಿಗಳಾಗಿದ್ದ ಅಕ್ಕನ್ನ-ಮಾದನ್ನರು ಅವನ ಸೋದರಮಾವಂದಿರು. ವಸೂಲಾದ ಕಂದಾಯವನ್ನು ಗೋಪಣ್ಣ ಖಜಾನೆಗೆ ಕಳಿಸದೆ ಭದ್ರಾಚಲದಲ್ಲಿ ಶ್ರೀರಾಮನ ಗುಡಿಗೆ ವೆಚ್ಚ ಮಾಡಿದನೆಂದೂ, ಅದಕ್ಕಾಗಿ ಸುಲ್ತಾನ ಅವನನ್ನು ಸೆರೆಯಲ್ಲಿಟ್ಟನೆಂದೂ ಕಥೆ. ಕೊನೆಗೆ ರಾಮಲಕ್ಷ್ಮಣರೇ ಸಿಪಾಯಿಗಳ ವೇಷದಲ್ಲಿ ಬಂದು ಬಾಕಿಯಿದ್ದ ಆರು ಲಕ್ಷ ನಾಣ್ಯಗಳನ್ನು ತಾನೀಷಾನ ಮುಂದೆ ಸುರಿದು, ರಸೀದಿ ಪಡೆದು, ಭಕ್ತನನ್ನು ಬಿಡಿಸಿದರಂತೆ.

ಈ ಕಥೆಯನ್ನು ನಾವು ಭಕ್ತಿಯ ಕಥೆಯಾಗಿ ಕೇಳಿದ್ದೇವೆ. ಅದನ್ನೇ ಒಮ್ಮೆ ಲೆಕ್ಕಪತ್ರದ ಕಥೆಯಾಗಿ ನೋಡೋಣ. ಗೋಪಣ್ಣ ಒಂದು ಕಾಸನ್ನೂ ತನ್ನ ಮನೆಗೆ ಒಯ್ಯಲಿಲ್ಲ. ಅವನ ಉದ್ದೇಶ ಸಾತ್ವಿಕವಾದದ್ದು. ಆದರೂ ಒಂದು ಮಾತು ಉಳಿಯುತ್ತದೆ. ಆ ಹಣವನ್ನು ಕೊಟ್ಟವರು ರೈತರು. ಅದನ್ನು ಇಂಥದ್ದಕ್ಕೆ ಖರ್ಚು ಮಾಡಬೇಕೆಂದು ನಿರ್ಧರಿಸುವ ಅಧಿಕಾರ ತಹಸೀಲ್ದಾರನದಲ್ಲ. ಅತ್ತೆಯ ಒಡವೆಯನ್ನು ಅಳಿಯ ದಾನ ಮಾಡಿದನೆಂದು ನಮ್ಮಲ್ಲೊಂದು ಗಾದೆಯುಂಟು. ದಾನ ಒಳ್ಳೆಯದೇ, ಒಡವೆ ಮಾತ್ರ ಅವನದಲ್ಲ. ಕಥೆಯನ್ನು ಕಟ್ಟಿದ ಜನಕ್ಕೂ ಇದು ಹೊಳೆದಿತ್ತೆಂದು ತೋರುತ್ತದೆ. ಏಕೆಂದರೆ ಆ ಕಥೆಯಲ್ಲಿ ಶ್ರೀರಾಮಚಂದ್ರನು ತಾನೀಷಾನಿಗೆ, "ಅದು ನನ್ನ ಗುಡಿಗೆ ಖರ್ಚಾದ ಹಣ, ಲೆಕ್ಕ ಬಿಟ್ಟುಬಿಡು" ಎಂದು ಅಪ್ಪಣೆ ಕೊಡಲಿಲ್ಲ. ಬಾಕಿಯನ್ನು ಪೂರ್ತಿಯಾಗಿ ಕಟ್ಟಿದನು. ದೇವರೂ ಆಕ್ಷೇಪಣೆಯನ್ನು ಮನ್ನಿಸಿ ಹಣ ತುಂಬಿದನೆಂಬ ಈ ಅಂಶ ನಮ್ಮ ಗಮನಕ್ಕೆ ಬರಬೇಕು.

ಇನ್ನೊಂದು ಕಥೆ ಕಲ್ಯಾಣದ್ದು. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನವರು ಅರಮನೆಯ ಹಣವನ್ನು ಜಂಗಮರಿಗೆ ಹಂಚುತ್ತಿದ್ದಾರೆಂದು ಚಾಡಿ ಹೇಳಿದವರಿದ್ದರು. ಆಗ ಬಸವಣ್ಣನವರು ಕೋಪಿಸಿಕೊಂಡು ಹೊರಟುಹೋಗಲಿಲ್ಲ. "ನನ್ನನ್ನೇ ಸಂಶಯಿಸುವಿರಾ" ಎಂದು ಕಣ್ಣೀರಿಡಲಿಲ್ಲ. ಭಂಡಾರವನ್ನು ತೆರೆಸಿ ಎಣಿಸಿ ನೋಡಿರೆಂದರು; ಎಣಿಸಿದಾಗ ಲೆಕ್ಕ ಸರಿಹೋಯಿತು ಎಂದು ಬಸವಪುರಾಣ ಹೇಳುತ್ತದೆ. ಈ ಕಥೆಯನ್ನು ಮೊದಲು ತೆಲುಗಿನಲ್ಲಿ ಹೇಳಿದವನು ಪಾಲ್ಕುರಿಕೆ ಸೋಮನಾಥ. 1369ರಲ್ಲಿ ಕನ್ನಡಕ್ಕೆ ತಂದವನು ಭೀಮಕವಿ. ತೆಲುಗು ಕನ್ನಡಗಳೆರಡೂ ಸೇರಿ ಕಾಪಾಡಿಕೊಂಡು ಬಂದ ಕಥೆಯಿದು. ಪ್ರಾಮಾಣಿಕನಾದವನಿಗೆ ಲೆಕ್ಕ ಒಪ್ಪಿಸುವುದು ಅವಮಾನವಲ್ಲ, ಅದೇ ಅವನಿಗೆ ರಕ್ಷೆ ಎಂಬುದನ್ನು ಇದಕ್ಕಿಂತ ಸರಳವಾಗಿ ಹೇಳಲಾಗದು. ಚಾಡಿಗೆ ಉತ್ತರ ಕೊಡಬಲ್ಲದ್ದು ಎಣಿಕೆಯೊಂದೇ.

ಆದರೆ ಈ ಎರಡೂ ಕಥೆಗಳಲ್ಲಿ ಒಂದು ಕೊರತೆಯಿದೆ. ಗೋಲ್ಕೊಂಡದಲ್ಲಾಗಲಿ ಕಲ್ಯಾಣದಲ್ಲಾಗಲಿ ಲೆಕ್ಕ ಕೇಳಿದವನು ದೊರೆ. ಅವನಿಗೆ ಮನಸ್ಸು ಬಂದಾಗ ಕೇಳಿದ, ಚಾಡಿ ಕಿವಿಗೆ ಬಿದ್ದಾಗ ಕೇಳಿದ. ದೊರೆಯ ಲೆಕ್ಕವನ್ನು ಕೇಳುವವರು ಯಾರೂ ಇರಲಿಲ್ಲ. ಒಂದು ಕಥೆ ಸೆರೆಮನೆಗೆ ಹೋಯಿತು. ಎರಡೂ ಪವಾಡದಲ್ಲಿ ಮುಗಿದವು. ರಾಜ್ಯವನ್ನು ಪವಾಡದ ಮೇಲೆ ನಡೆಸಲಾಗುವುದಿಲ್ಲ. ಯಾರ ಮೇಲೂ ಸಂಶಯವಿಲ್ಲದೆ, ಯಾರ ಚಾಡಿಗೂ ಕಾಯದೆ, ವರ್ಷ ವರ್ಷವೂ ತಪ್ಪದೆ ಎಲ್ಲರ ಲೆಕ್ಕವನ್ನೂ ಕೇಳುವ, ಯಾರ ಹಂಗೂ ಇಲ್ಲದ ಒಬ್ಬ ಬೇಕು.

ಇಂಥವನನ್ನು ಪಡೆಯಲು ನಮಗೆ ಬಹಳ ಕಾಲ ಹಿಡಿಯಿತು. ನಮ್ಮಲ್ಲಿ ಹಳೆಯ ಮೈಸೂರಿನ ಕಡೆಯಿಂದ ಬಂದವರಿದ್ದಾರೆ, ಬೀದರ್, ಗುಲ್ಬರ್ಗ, ರಾಯಚೂರು ಕಡೆಯಿಂದ ಬಂದವರೂ ಇದ್ದಾರೆ. ಮೈಸೂರಿನಲ್ಲಿ 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಗಿ, ಕಳೆದ ವರ್ಷದ ಆಡಳಿತದ ಫಲವನ್ನು ಪ್ರಜೆಗಳ ಮುಂದೆ ಓದಿ ಹೇಳುವ ಪದ್ಧತಿ ಬಂತು. ಕೇಳಬಹುದಾಗಿತ್ತು, ಬಿನ್ನವಿಸಬಹುದಾಗಿತ್ತು, ತಡೆಯುವ ಅಧಿಕಾರವಿರಲಿಲ್ಲ. ನಿಜಾಮರ ರಾಜ್ಯದಲ್ಲಿ ದಿವಾನಿ ಇಲಾಖೆ ಬೇರೆ, ನಿಜಾಮರ ಖಾಸಗಿ ಜಮೀನುಗಳ ಸರ್ಫೆ ಖಾಸ್ ಬೇರೆ. ಸರ್ಫೆ ಖಾಸಿನ ಹಳ್ಳಿಗಳ ಕಂದಾಯ ಪ್ರಭುವಿನ ಸ್ವಂತ ವರಮಾನ. ಅದು ದಿವಾನಿಯಲ್ಲಿ ವಿಲೀನವಾದದ್ದು 1949ರ ಫೆಬ್ರವರಿಯಲ್ಲಿ. ಅಲ್ಲಿಯವರೆಗೆ ಆ ಹಳ್ಳಿಗಳ ರೈತ ಕಟ್ಟಿದ ಹಣ ಏನಾಯಿತೆಂದು ಕೇಳುವ ಹಕ್ಕು ಆ ರೈತನಿಗಿರಲಿಲ್ಲ.

ಅದೇ 1949ರ ಮೇ ತಿಂಗಳಲ್ಲಿ ದೆಹಲಿಯ ಸಂವಿಧಾನ ಸಭೆಯಲ್ಲಿ ಮಹಾಲೆಕ್ಕ ಪರಿಶೋಧಕರ ವಿಷಯ ಚರ್ಚೆಗೆ ಬಂದಾಗ ಡಾ. ಅಂಬೇಡ್ಕರ್ ಅವರು, ಸಂವಿಧಾನದಲ್ಲಿ ಬಹುಶಃ ಇವರಷ್ಟು ಮುಖ್ಯರಾದ ಅಧಿಕಾರಿ ಇನ್ನೊಬ್ಬರಿಲ್ಲ, ಇವರ ಕರ್ತವ್ಯ ನ್ಯಾಯಾಂಗದ ಕರ್ತವ್ಯಕ್ಕಿಂತಲೂ ಹಿರಿದು ಎಂಬ ಅಭಿಪ್ರಾಯವನ್ನು ಕೊಟ್ಟರು. ಶಾಸನಸಭೆ ಇಂಥದ್ದಕ್ಕೆಂದು ಮಂಜೂರು ಮಾಡಿದ ಹಣವನ್ನು ಸರ್ಕಾರ ಅದಕ್ಕೇ, ಅಷ್ಟೇ ಖರ್ಚು ಮಾಡಿತೆ ಎಂದು ನೋಡುವವರು ಇವರಲ್ಲದೆ ಬೇರಿಲ್ಲ ಎಂಬುದು ಅವರು ಕೊಟ್ಟ ಕಾರಣ.

ಸಂವಿಧಾನದ 148ರಿಂದ 151ರವರೆಗಿನ ನಾಲ್ಕು ಅನುಚ್ಛೇದಗಳು ಈ ಅಧಿಕಾರಿಗೆ ಮೀಸಲು. ಭಾರತದ ನಿಯಂತ್ರಕ ಮತ್ತು ಮಹಾಲೆಕ್ಕ ಪರಿಶೋಧಕ ಎಂಬ ಉದ್ದನೆಯ ಹೆಸರನ್ನು ಜನ ಸಿ.ಎ.ಜಿ. ಎಂದು ಚಿಕ್ಕದು ಮಾಡಿಕೊಂಡಿದ್ದಾರೆ. ಅವರನ್ನು ನೇಮಿಸುವವರು ರಾಷ್ಟ್ರಪತಿಗಳು. ಅವರ ಸುತ್ತ ಸಂವಿಧಾನ ಕಟ್ಟಿದ ಗೋಡೆಗಳನ್ನು ನೋಡಿ. ಮೊದಲನೆಯದಾಗಿ, ಸುಪ್ರೀಂ ಕೋರ್ಟಿನ ನ್ಯಾಯಾಧೀಶರನ್ನು ತೆಗೆಯಲು ಯಾವ ಕಾರಣ, ಯಾವ ಕ್ರಮ ಬೇಕೋ ಅದಿಲ್ಲದೆ ಇವರನ್ನು ತೆಗೆಯುವಂತಿಲ್ಲ. ಎರಡನೆಯದಾಗಿ, ನೇಮಕವಾದ ಮೇಲೆ ಅವರ ಸಂಬಳ ಸವಲತ್ತುಗಳನ್ನು ಅವರಿಗೆ ನಷ್ಟವಾಗುವಂತೆ ಬದಲಾಯಿಸುವಂತಿಲ್ಲ. ಅವರ ಕಚೇರಿಯ ಆಡಳಿತ ವೆಚ್ಚ ಸಂಚಿತ ನಿಧಿಯ ಮೇಲೆ ನೇರವಾದ ಹೊರೆ, ಅದಕ್ಕೆ ಮತದಾನದ ಹಂಗಿಲ್ಲ. ಮೂರನೆಯದಾಗಿ, ನಿವೃತ್ತರಾದ ಮೇಲೆ ಕೇಂದ್ರ ಸರ್ಕಾರದ ಅಥವಾ ರಾಜ್ಯ ಸರ್ಕಾರದ ಅಧೀನದಲ್ಲಿ ಬೇರೆ ಹುದ್ದೆಯನ್ನು ಹಿಡಿಯುವಂತಿಲ್ಲ. ಅಂದರೆ ಭಯವೂ ಇರಬಾರದು, ಆಸೆಯೂ ಇರಬಾರದು. 1971ರ ಕಾಯ್ದೆ ಇವರ ಕರ್ತವ್ಯಗಳನ್ನೂ ಅಧಿಕಾರಗಳನ್ನೂ ವಿವರಿಸಿ, ಅಧಿಕಾರಾವಧಿಯನ್ನು ಆರು ವರ್ಷ ಅಥವಾ ಅರವತ್ತೈದನೆಯ ವಯಸ್ಸು, ಯಾವುದು ಮೊದಲೋ ಅಲ್ಲಿಯವರೆಗೆ ಎಂದು ಗೊತ್ತುಮಾಡಿತು. ಕೊಡಗಿನವರಾದ ಸಿ.ಜಿ. ಸೋಮಯ್ಯನವರು 1990ರಿಂದ 1996ರವರೆಗೆ ಈ ಸ್ಥಾನದಲ್ಲಿದ್ದರೆಂಬುದು ಕನ್ನಡನಾಡಿಗೆ ಸಂತೋಷದ ಸಂಗತಿ.

ಈ ಏರ್ಪಾಡು ಹೇಗೆ ನಡೆಯುತ್ತದೆಂದು ತಿಳಿಯಲು ನಾಂಪಲ್ಲಿಯ ಸುತ್ತ ಒಂದು ಸಂಜೆ ನಡೆದಾಡಿ ಬಂದರೆ ಸಾಕು. ನಾಂಪಲ್ಲಿಗೆ ಹೊಂದಿಕೊಂಡಿರುವ ಸೈಫಾಬಾದಿನಲ್ಲಿ ಮಹಾಲೇಖಪಾಲರ ಕಚೇರಿಯಿದೆ. ಜನರ ಬಾಯಲ್ಲಿ ಅದು ಏ.ಜಿ. ಆಫೀಸು. ಪಿಂಚಣಿಯ ಕಾಗದಕ್ಕಾಗಿ, ಜಿ.ಪಿ.ಎಫ್. ಲೆಕ್ಕಕ್ಕಾಗಿ ಅಲ್ಲಿಗೆ ಅಲೆದವರು ಅನೇಕರಿದ್ದಾರೆ, ಆದರೆ ಸಿ.ಎ.ಜಿ. ಅವರ ಪರವಾಗಿ ರಾಜ್ಯದ ಬೊಕ್ಕಸದ ತಪಾಸಣೆ ನಡೆಸುವ ಕಚೇರಿಯೂ ಅದೇ ಎಂಬುದು ಅಷ್ಟಾಗಿ ತಿಳಿದಿಲ್ಲ. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲಿ, ಪಬ್ಲಿಕ್ ಗಾರ್ಡನಿನ ಅಂಚಿನಲ್ಲಿ, ಬಿಳಿಯ ಗುಮ್ಮಟಗಳ ವಿಧಾನಸಭೆ. ಅದೇ ನಾಂಪಲ್ಲಿಯಲ್ಲಿ ಕ್ರಿಮಿನಲ್ ಕೋರ್ಟುಗಳು. ಲೆಕ್ಕ ಕೇಳುವ ಮನೆ ಒಂದು, ಆ ಲೆಕ್ಕವನ್ನು ಆಲಿಸಬೇಕಾದ ಮನೆ ಇನ್ನೊಂದು, ಅಪರಾಧವಿದ್ದರೆ ಶಿಕ್ಷಿಸುವ ಮನೆ ಮತ್ತೊಂದು. ಗೋಲ್ಕೊಂಡದಲ್ಲಿ ಈ ಮೂರೂ ತಾನೀಷಾನ ಒಂದೇ ದರ್ಬಾರಿನಲ್ಲಿದ್ದವು. ಅವನ್ನು ಬಿಡಿಸಿ ಬೇರೆ ಬೇರೆ ಕಟ್ಟಡಗಳಲ್ಲಿಟ್ಟದ್ದೇ ನಾವು ಮುನ್ನೂರು ವರ್ಷಗಳಲ್ಲಿ ಪಡೆದ ವಿವೇಕ.

ಲೆಕ್ಕ ಪರಿಶೋಧಕರು ಕೇಳುವ ಪ್ರಶ್ನೆಗಳು ಗಹನವಾದವಲ್ಲ. ಈ ಖರ್ಚಿಗೆ ಶಾಸನಸಭೆಯ ಒಪ್ಪಿಗೆಯಿತ್ತೇ? ನಿಯಮದಂತೆ, ಅಧಿಕಾರವುಳ್ಳವರೇ ಮಂಜೂರು ಮಾಡಿದರೇ? ಕೊಟ್ಟ ಹಣಕ್ಕೆ ತಕ್ಕ ಫಲ ದೊರಕಿತೇ? ನಮ್ಮ ಹಣಕಾಸಿನ ನಿಯಮಾವಳಿಯಲ್ಲಿ ಒಂದು ಸುಂದರವಾದ ಮಾತಿದೆ: ಸಾಮಾನ್ಯ ವಿವೇಕವುಳ್ಳ ಮನುಷ್ಯ ತನ್ನ ಸ್ವಂತ ಹಣವನ್ನು ಖರ್ಚು ಮಾಡುವಾಗ ಎಷ್ಟು ಎಚ್ಚರ ವಹಿಸುವನೋ, ಸಾರ್ವಜನಿಕ ಹಣದ ವಿಷಯದಲ್ಲಿ ಪ್ರತಿಯೊಬ್ಬ ಅಧಿಕಾರಿಯೂ ಅಷ್ಟೇ ಎಚ್ಚರ ವಹಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ಸಂತೆಯಲ್ಲಿ ಬದನೆಕಾಯಿಯನ್ನು ತಿರುಗಿಸಿ ನೋಡಿ ಕೊಳ್ಳುವ ನಮ್ಮ ಮನೆಯ ಹೆಂಗಸರ ಧರ್ಮವೇ ಸರ್ಕಾರದ ಧರ್ಮವೂ ಆಗಬೇಕೆಂದು ಇದರ ಅರ್ಥ. ಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ; ಇಲಾಖೆ ಉತ್ತರ ಕೊಡುತ್ತದೆ; ಉತ್ತರ ಸಮಂಜಸವಾಗಿದ್ದರೆ ಆಕ್ಷೇಪಣೆ ಬಿದ್ದುಹೋಗುತ್ತದೆ. ಉಳಿದ ಮುಖ್ಯ ಸಂಗತಿಗಳು ವರದಿಗೆ ಸೇರಿ, 151ನೆಯ ಅನುಚ್ಛೇದದ ಪ್ರಕಾರ ರಾಜ್ಯಪಾಲರ ಮೂಲಕ ಶಾಸನಸಭೆಯ ಮುಂದೆ ಬರುತ್ತವೆ. ಅಲ್ಲಿ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಪರಿಶೀಲಿಸುತ್ತದೆ.

ಇದಕ್ಕೆ ನಮ್ಮ ಕಣ್ಣೆದುರಿನ ದೃಷ್ಟಾಂತ ಕಾಳೇಶ್ವರಂ ಏತ ನೀರಾವರಿ ಯೋಜನೆ. ಗೋದಾವರಿಯ ನೀರನ್ನು ಮೇಲೆತ್ತಿ ತೆಲಂಗಾಣದ ಒಣಭೂಮಿಗೆ ಹರಿಸುವ ಉದ್ದೇಶವನ್ನು ಯಾರೂ ಕೆಟ್ಟದ್ದೆನ್ನಲಾರರು. ಇದೂ ಒಂದು ರೀತಿಯಲ್ಲಿ ಗುಡಿ ಕಟ್ಟಿಸಿದ ಹಾಗೆಯೇ. 2019ರ ಜೂನ್‌ನಲ್ಲಿ ಅದರ ಉದ್ಘಾಟನೆಯಾಯಿತು. 2023ರ ಅಕ್ಟೋಬರ್‌ನಲ್ಲಿ ಮೇಡಿಗಡ್ಡ ಬ್ಯಾರೇಜಿನ ಕಂಬಗಳು ಕುಸಿದವು. 2024ರ ಫೆಬ್ರವರಿ 15ರಂದು ಸಿ.ಎ.ಜಿ. ವರದಿ ವಿಧಾನಸಭೆಯಲ್ಲಿ ಮಂಡಿತವಾಯಿತು. ಕೇಂದ್ರ ಜಲ ಆಯೋಗಕ್ಕೆ 81,911 ಕೋಟಿ ರೂಪಾಯಿ ಎಂದು ತೋರಿಸಿದ್ದ ವೆಚ್ಚ 1,47,427 ಕೋಟಿಯನ್ನು ಮೀರುವ ಸಂಭವವಿದೆಯೆಂದೂ, ಖರ್ಚು ಮಾಡುವ ಒಂದೊಂದು ರೂಪಾಯಿಗೆ ಬರುವ ಪ್ರಯೋಜನ 52 ಪೈಸೆ ಮಾತ್ರವೆಂದೂ ಅದರಲ್ಲಿ ಹೇಳಿತ್ತು. ತಪ್ಪು ಯಾರದು ಎಂಬುದು ಬೇರೆ ವಿಚಾರ. ಅದನ್ನು ರಾಜಕೀಯ ಪಕ್ಷಗಳೂ ವಿಚಾರಣಾ ಆಯೋಗಗಳೂ ನೋಡಿಕೊಳ್ಳಲಿ. ನಾವು ಗಮನಿಸಬೇಕಾದದ್ದು ಇಷ್ಟೇ: ರೈತನಿಗೆ ನೀರು ಕೊಡುವ ಪುಣ್ಯಕಾರ್ಯವೆಂಬ ಕಾರಣಕ್ಕೆ ಲೆಕ್ಕ ಸಡಿಲವಾಗಬೇಕಾಗಿಲ್ಲ. ಪುಣ್ಯಕಾರ್ಯವಾದದ್ದರಿಂದಲೇ ಅದು ಇನ್ನೂ ಬಿಗಿಯಾಗಬೇಕು. ಒಂದು ರೂಪಾಯಿಯಲ್ಲಿ ವ್ಯರ್ಥವಾದ ಪಾಲು ಇನ್ನೊಂದು ಕೆರೆಗೋ ಶಾಲೆಗೋ ಆಗಬಹುದಾಗಿದ್ದ ಪಾಲು.

ಲೆಕ್ಕ ಕೇಳುವವನು ಹಂಗಿನಲ್ಲಿದ್ದರೆ ಏನಾಗುತ್ತದೆಂಬುದನ್ನೂ ಹೈದರಾಬಾದ್ ಕಂಡಿದೆ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಸಂಸ್ಥೆಯ ಅಧ್ಯಕ್ಷರೇ ಪತ್ರ ಬರೆದು, ಪುಸ್ತಕದಲ್ಲಿ ತೋರಿಸಿದ್ದ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ರೂಪಾಯಿ ವಾಸ್ತವವಾಗಿ ಇಲ್ಲವೇ ಇಲ್ಲ ಎಂದು ಒಪ್ಪಿಕೊಂಡರು. ವರ್ಷ ವರ್ಷವೂ ಆ ಪುಸ್ತಕಗಳಿಗೆ ಹೆಸರಾಂತ ಪರಿಶೋಧಕರು ಸಹಿ ಹಾಕಿದ್ದರು. 2015ರ ಏಪ್ರಿಲ್‌ನಲ್ಲಿ ಇಲ್ಲಿಯ ವಿಶೇಷ ನ್ಯಾಯಾಲಯ ಅಪರಾಧಿಗಳೆಂದು ತೀರ್ಪಿತ್ತ ಹತ್ತು ಮಂದಿಯಲ್ಲಿ ಇಬ್ಬರು ಪರಿಶೋಧಕರು. ಮೇಲ್ಮನವಿಯಲ್ಲಿ ಆ ಶಿಕ್ಷೆಗಳಿಗೆ ತಡೆ ಸಿಕ್ಕಿತು. ಅದು ಖಾಸಗಿ ಸಂಸ್ಥೆ, ಸರ್ಕಾರದ ಬೊಕ್ಕಸವಲ್ಲ. ಆದರೂ ಪಾಠ ಒಂದೇ. ಯಾರ ಲೆಕ್ಕ ನೋಡಬೇಕೋ ಅವರ ಕೈಯಿಂದಲೇ ಸಂಭಾವನೆ ಬರುವಾಗ ಕಣ್ಣು ಮಂಜಾಗುವ ಅಪಾಯವಿದ್ದೇ ಇದೆ. ಆದ್ದರಿಂದಲೇ ಸರ್ಕಾರಿ ಕಂಪನಿಗಳಿಗೆ ಪರಿಶೋಧಕರನ್ನು ಆರಿಸುವ ಕೆಲಸವನ್ನು ಕಾನೂನು ಆ ಕಂಪನಿಗಳಿಗೆ ಬಿಡದೆ ಸಿ.ಎ.ಜಿ. ಅವರಿಗೆ ಕೊಟ್ಟಿದೆ.

ಇನ್ನು ಲೆಕ್ಕ ಪರಿಶೋಧನೆಯ ವಿರುದ್ಧ ಹೇಳುವ ಮಾತುಗಳನ್ನೂ ನ್ಯಾಯವಾಗಿ ಕೇಳಬೇಕು. ಸದಾ ಆಕ್ಷೇಪಣೆಯ ಭಯವಿದ್ದರೆ ಅಧಿಕಾರಿ ಸಹಿ ಹಾಕಲು ಹೆದರುತ್ತಾನೆ, ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ, ಕೆಲಸ ನಿಲ್ಲುತ್ತದೆ ಎಂಬುದು ಹಳೆಯ ದೂರು. ಭಾರತದ ಆಡಳಿತವನ್ನು ಅಧ್ಯಯನ ಮಾಡಿದ ಅಮೆರಿಕದ ಪಾಲ್ ಆಪಲ್ಬಿ ಅವರು 1956ರಷ್ಟು ಹಿಂದೆಯೇ ಇದನ್ನು ಬಲವಾಗಿ ಹೇಳಿದ್ದರು. ಇದರಲ್ಲಿ ಸತ್ಯವಿಲ್ಲದೆ ಇಲ್ಲ. ಎರಡು ರೂಪಾಯಿಯ ರಸೀದಿ ಇಲ್ಲವೆಂದು ಇಪ್ಪತ್ತು ರೂಪಾಯಿಯ ಪತ್ರವ್ಯವಹಾರ ನಡೆಸುವ ಪರಿಶೋಧನೆ ಯಾರಿಗೂ ಉಪಕಾರ ಮಾಡದು. ಆದರೆ ಸರಿಯಾದ ಕಾರಣವನ್ನು ಬರೆದಿಟ್ಟು ಸಹಿ ಮಾಡಿದ ಅಧಿಕಾರಿಗೆ ಆ ಟಿಪ್ಪಣಿಯೇ ಆಸರೆಯಾಗುವುದರಿಂದ, ದೂರಿಗೆ ಪರಿಹಾರ ಒಳ್ಳೆಯ ಪರಿಶೋಧನೆಯೇ ಹೊರತು ಪರಿಶೋಧನೆ ಇಲ್ಲದಿರುವುದಲ್ಲ.

ಎರಡನೆಯ ಮಾತು, ಪರಿಶೋಧಕರೂ ಎಡವಬಹುದು ಎಂಬುದು. 2010ರ ನವೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ 2ಜಿ ತರಂಗಾಂತರ ಹಂಚಿಕೆಯ ವರದಿ ಎಲ್ಲರಿಗೂ ನೆನಪಿದೆ. ನಷ್ಟವನ್ನು ಬೇರೆ ಬೇರೆ ರೀತಿಯಲ್ಲಿ ಅಂದಾಜು ಮಾಡಿದ್ದ ಆ ವರದಿಯಲ್ಲಿ ಒಂದಕ್ಕಿಂತ ಹೆಚ್ಚು ಅಂಕಿಗಳಿದ್ದವು. ದೇಶದ ಕಿವಿಯಲ್ಲಿ ಉಳಿದದ್ದು ಎಲ್ಲಕ್ಕಿಂತ ದೊಡ್ಡದಾದ 1.76 ಲಕ್ಷ ಕೋಟಿ ಮಾತ್ರ. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 122 ಪರವಾನಗಿಗಳನ್ನು ರದ್ದು ಮಾಡಿತು. 2017ರ ಡಿಸೆಂಬರ್‌ನಲ್ಲಿ ವಿಶೇಷ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಡುಗಡೆ ಮಾಡಿತು. ಆ ತೀರ್ಪಿನ ಮೇಲೆ ಸಿ.ಬಿ.ಐ. ಮೇಲ್ಮನವಿಗೆ ಹೋಯಿತು. ಹಂಚಿಕೆ ಸರಿಯಿರಲಿಲ್ಲವೆನ್ನುವುದು ಒಂದು, ಇಂಥವರು ಲಂಚ ತಿಂದರೆಂದು ರುಜುವಾಗುವುದು ಇನ್ನೊಂದು. ಪರಿಶೋಧನೆಯ ವರದಿ ಪ್ರಶ್ನೆಯ ಆರಂಭ, ತೀರ್ಪಲ್ಲ. ಅದನ್ನು ತೀರ್ಪೆಂದು ಓದುವವರು ಪರಿಶೋಧಕರಿಗೂ ಅನ್ಯಾಯ ಮಾಡುತ್ತಾರೆ, ಆರೋಪಿತರಿಗೂ ಅನ್ಯಾಯ ಮಾಡುತ್ತಾರೆ.

ಕಾನೂನಿನಲ್ಲಿಯೇ ಕೆಲವು ಬಿರುಕುಗಳಿವೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ವರದಿಯನ್ನು ಶಾಸನಸಭೆಯ ಮುಂದೆ ಇಡತಕ್ಕದ್ದು ಎಂದು 151ನೆಯ ಅನುಚ್ಛೇದ ಹೇಳುತ್ತದೆ. ಎಷ್ಟು ದಿನದೊಳಗೆ ಎಂದು ಹೇಳುವುದಿಲ್ಲ. ದೆಹಲಿಯಲ್ಲಿ ಹದಿನಾಲ್ಕು ವರದಿಗಳು ಮಂಡಿತವಾಗದೆ ಉಳಿದು, ವಿಷಯ ಹೈಕೋರ್ಟಿನವರೆಗೆ ಹೋಗಿ, 2025ರ ಫೆಬ್ರವರಿಯಲ್ಲಿ ಸರ್ಕಾರ ಬದಲಾದ ಮೇಲೆ ಅವು ಒಂದೊಂದಾಗಿ ಹೊರಬರತೊಡಗಿದವು. ಗಡಿಯಾರವಿಲ್ಲದ ಕಾನೂನಿಗೆ ಅವಸರವಿರುವುದಿಲ್ಲ. ನೇಮಕದ ವಿಷಯವೂ ಹಾಗೆಯೇ. ಇಂಗ್ಲೆಂಡಿನಲ್ಲಿ ಕಾನೂನಿನ ಪ್ರಕಾರ ಇಂಥ ಅಧಿಕಾರಿಯ ನೇಮಕಕ್ಕೆ ಲೆಕ್ಕಪತ್ರ ಸಮಿತಿಯ ಅಧ್ಯಕ್ಷರ ಒಪ್ಪಿಗೆಯೂ, ಕಾಮನ್ಸ್ ಸಭೆಯ ನಿರ್ಣಯವೂ ಬೇಕು. ನಮ್ಮಲ್ಲಿ ಯಾರ ಲೆಕ್ಕ ನೋಡಬೇಕೋ ಆ ಸರ್ಕಾರದ ಸಲಹೆಯ ಮೇಲೆಯೇ ನೇಮಕ. ನಿವೃತ್ತಿಯ ನಂತರದ ನಿಷೇಧಕ್ಕೂ ಒಂದು ಕಿಂಡಿಯಿದೆ. ರಾಜ್ಯಪಾಲರ ಸ್ಥಾನ ಸರ್ಕಾರದ ಅಧೀನದ ಉದ್ಯೋಗವಲ್ಲವೆಂದು ಸುಪ್ರೀಂ ಕೋರ್ಟ್ 1979ರಲ್ಲಿ ಹೇಳಿದೆ. 1984ರಿಂದ 1990ರವರೆಗೆ ಸಿ.ಎ.ಜಿ. ಆಗಿದ್ದ ಟಿ.ಎನ್. ಚತುರ್ವೇದಿಯವರು ಮುಂದೆ ಒಂದು ಪಕ್ಷದಿಂದ ರಾಜ್ಯಸಭೆಯ ಸದಸ್ಯರಾದರು, 2002ರಿಂದ 2007ರವರೆಗೆ ಕರ್ನಾಟಕದ ರಾಜ್ಯಪಾಲರಾಗಿದ್ದರು. ಅವರು ವಿದ್ವಾಂಸರು, ಕಾನೂನನ್ನು ಮೀರಿದವರಲ್ಲ. ಆದರೂ ಆ ಪೀಠದಿಂದ ಇಳಿದವರು ಪಕ್ಷ ರಾಜಕಾರಣಕ್ಕೆ ಹೋಗುವುದು ಉಚಿತವೇ ಎಂಬ ಪ್ರಶ್ನೆ ವ್ಯಕ್ತಿಯನ್ನು ಮೀರಿದ್ದು. ಕಾನೂನು ಗೋಡೆ ಕಟ್ಟಬಹುದು. ಗೋಡೆಯ ಆಚೆಗೆ ಇಣುಕದಿರುವ ಸಂಯಮವನ್ನು ಮನುಷ್ಯನೇ ತರಬೇಕು.

ಆಲಿಸುವ ಮನೆಯ ಸಂಗತಿ ಇದಕ್ಕಿಂತ ಕಷ್ಟದ್ದು. ಲೋಕಸಭೆಯಲ್ಲಿ 1967ರಿಂದ ಲೆಕ್ಕಪತ್ರ ಸಮಿತಿಯ ಅಧ್ಯಕ್ಷತೆ ವಿರೋಧ ಪಕ್ಷದವರಿಗೆ ಎಂಬ ಸಂಪ್ರದಾಯ ಬೆಳೆದುಬಂದಿದೆ. ಇಲ್ಲಿಯ ವಿಧಾನಸಭೆಯಲ್ಲಿ 2024ರಲ್ಲಿ ಆ ಅಧ್ಯಕ್ಷರಾದವರು ನಿಜವಾಗಿ ವಿರೋಧ ಪಕ್ಷದವರೇ ಅಲ್ಲವೇ ಎಂಬುದರ ಮೇಲೆಯೇ ವಿವಾದ ಎದ್ದಿತು. ವರದಿಗಳು ಅನೇಕ ವೇಳೆ ಅಧಿವೇಶನ ಮುಗಿಯುವ ಹೊತ್ತಿಗೆ ಮೇಜಿನ ಮೇಲೆ ಬೀಳುತ್ತವೆ. ಮರುದಿನ ಪತ್ರಿಕೆಯಲ್ಲಿ ಎರಡು ಕಾಲಂ ಸುದ್ದಿ. ಮೂರನೆಯ ದಿನ ಮರೆವು. ಹೀಗೆ ಕೇಳುವವನಿಗೆ ಸ್ವಾತಂತ್ರ್ಯ ಕೊಟ್ಟು, ಅವನು ಕೇಳಿದ್ದನ್ನು ಯಾರೂ ಆಲಿಸದಿದ್ದರೆ, ಆ ಸ್ವಾತಂತ್ರ್ಯ ಬೆಟ್ಟದ ತುದಿಯಲ್ಲಿ ಒಬ್ಬನೇ ನಿಂತು ಕೂಗಿದಂತಾಗುತ್ತದೆ.

ಆಲಿಸುವುದು ಓದು ಬಲ್ಲವರ ಕೆಲಸವೆಂದು ಕೈಬಿಡುವಂತಿಲ್ಲ. 2006ರ ಫೆಬ್ರವರಿಯಲ್ಲಿ, ಕನ್ನಡ ಮಾತಾಡುವ ಜನ ಇಂದಿಗೂ ಇರುವ ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿ ಉದ್ಯೋಗ ಖಾತರಿ ಯೋಜನೆ ಉದ್ಘಾಟನೆಯಾಯಿತು. ಆ ಯೋಜನೆಯ 2005ರ ಕಾಯ್ದೆಯ 17ನೆಯ ಪ್ರಕರಣ, ಕಾಮಗಾರಿಗಳ ಸಾಮಾಜಿಕ ಪರಿಶೋಧನೆಯನ್ನು ಗ್ರಾಮಸಭೆಯೇ ನಡೆಸಬೇಕೆಂದು ಹೇಳಿತ್ತು. ಅದನ್ನು ದೊಡ್ಡ ಪ್ರಮಾಣದಲ್ಲಿ ಕಾರ್ಯರೂಪಕ್ಕೆ ತಂದ ಮೊದಲ ರಾಜ್ಯಗಳಲ್ಲಿ ಆಗಿನ ಆಂಧ್ರಪ್ರದೇಶ ಒಂದು. ಹಾಜರಿ ಪಟ್ಟಿಯನ್ನು ಊರ ನಡುವೆ ಗಟ್ಟಿಯಾಗಿ ಓದಿದಾಗ, "ಈ ಹೆಸರಿನವನು ಕೂಲಿಗೆ ಬರಲಿಲ್ಲ", "ನನಗೆ ಇಷ್ಟು ದಿನದ ಹಣ ಬಂದಿಲ್ಲ" ಎಂದು ಹೇಳಲು ಅಕ್ಷರ ಬೇಕಾಗಿರಲಿಲ್ಲ. ತನ್ನ ಹೆಸರಿನಲ್ಲಿ ಬರೆದ ಲೆಕ್ಕವನ್ನು ಕೇಳಿಸಿಕೊಂಡ ಕೂಲಿಯವಳು ಆ ಘಳಿಗೆಯಲ್ಲಿ ಸಂವಿಧಾನದ ಕೆಲಸವನ್ನೇ ಮಾಡುತ್ತಿದ್ದಳು.

ಹಾಗಾದರೆ ನಾವು? ಹೊರನಾಡಿನಲ್ಲಿರುವ ಕನ್ನಡಿಗರಲ್ಲಿ ಒಂದು ಸಂಕೋಚವಿದೆ. ಇದು ನಮ್ಮ ರಾಜ್ಯವಲ್ಲ, ಅತಿಥಿಗಳಂತೆ ಬಂದವರು ನಾವು, ಅನ್ನ ಕೊಟ್ಟ ಊರಿನ ಲೆಕ್ಕ ಕೇಳುವುದು ಸಭ್ಯತೆಯಲ್ಲ ಎಂಬ ಭಾವನೆ. ಕರ್ನಾಟಕದ ಬೊಕ್ಕಸದ ಬಗ್ಗೆ ಕೇಳೋಣವೆಂದರೆ ಅಲ್ಲಿ ನಾವಿಲ್ಲ. ಇಲ್ಲಿಯದನ್ನು ಕೇಳೋಣವೆಂದರೆ ಇದು ನಮ್ಮದಲ್ಲ. ಹೀಗೆ ಎರಡು ಊರಿನ ನಡುವೆ ನಿಂತು ಎಲ್ಲಿಯೂ ಪ್ರಜೆಗಳಾಗದೆ ಉಳಿಯುವ ಅಪಾಯವಿದೆ. ಸಂಕೋಚದ ಹಿಂದಿನ ಸೌಜನ್ಯ ದೊಡ್ಡದು. ಆದರೆ ಅತಿಥಿ ಕಂದಾಯ ಕಟ್ಟುವುದಿಲ್ಲ. ಮಗಳ ಮದುವೆಗೆ ಸೀರೆ ಕೊಂಡಾಗ, ಮನೆಯ ನೋಂದಣಿ ಮಾಡಿಸಿದಾಗ, ಸ್ಕೂಟರ್ ಕೊಂಡಾಗ ನಾವು ಕೊಟ್ಟ ತೆರಿಗೆ ಈ ರಾಜ್ಯದ ಸಂಚಿತ ನಿಧಿಗೆ ಸೇರಿದೆ. ನಮ್ಮ ಮಕ್ಕಳು ಇಲ್ಲಿಯ ರಸ್ತೆಯಲ್ಲಿ ನಡೆಯುತ್ತಾರೆ, ಇಲ್ಲಿಯ ನೀರು ಕುಡಿಯುತ್ತಾರೆ, ಇಲ್ಲಿ ಮತ ಹಾಕುತ್ತಾರೆ. ಊರನ್ನು ತನ್ನದೆಂದುಕೊಂಡವನು ಮಾತ್ರ ಅದರ ಹಣ ಏನಾಯಿತೆಂದು ಕೇಳುತ್ತಾನೆ. ಕೇಳದಿರುವುದೇ ಪರಕೀಯತೆಯ ಗುರುತು.

ಕೇಳುವ ರೀತಿಯಲ್ಲಿ ಮರ್ಯಾದೆಯಿರಬೇಕೆಂಬುದು ನಿಜ. ಮೊದಲೇ ಕಳ್ಳನೆಂದು ನಿಶ್ಚಯಿಸಿಕೊಂಡು ಕೇಳುವವನು ಲೆಕ್ಕ ಕೇಳುತ್ತಿಲ್ಲ, ಬೈಯುತ್ತಿದ್ದಾನೆ. ನಮ್ಮ ಪಕ್ಷದವರಾದರೆ ಸುಮ್ಮನಿದ್ದು, ಎದುರು ಪಕ್ಷದವರಾದಾಗ ಮಾತ್ರ ಕೇಳುವವನದೂ ಲೆಕ್ಕವಲ್ಲ. ಭಯ ಪಕ್ಷಪಾತಗಳಿಲ್ಲದೆ, ಪ್ರೀತಿ ದ್ವೇಷಗಳಿಲ್ಲದೆ ನಡೆಯುತ್ತೇನೆಂದು ಸಿ.ಎ.ಜಿ. ಪ್ರಮಾಣವಚನ ಸ್ವೀಕರಿಸುತ್ತಾರೆ. ಆ ಪ್ರಮಾಣದ ಒಂದಂಶವನ್ನಾದರೂ ಓದುವವರು ತಮ್ಮ ಮೇಲೆ ಹಾಕಿಕೊಳ್ಳಬೇಕು.

ರಾಜ್ಯದ ಲೆಕ್ಕ ಪರಿಶೋಧನಾ ವರದಿಗಳು ಮಂಡಿತವಾದ ಮೇಲೆ ಯಾರ ಬೇಕಾದರೂ ಕೈಗೆ ಸಿಗುತ್ತವೆ. ಈಗ ಮನೆಯಲ್ಲಿ ಕುಳಿತೇ ಓದಬಹುದು, ದುಡ್ಡು ಕೊಡಬೇಕಾಗಿಲ್ಲ. ಭಾಷೆ ಸ್ವಲ್ಪ ಶುಷ್ಕ, ಪುಟಗಳು ಹೆಚ್ಚು. ಇಡೀ ವರದಿಯನ್ನು ಓದಬೇಕಾಗಿಯೂ ಇಲ್ಲ. ನಮ್ಮಲ್ಲಿ ನಿವೃತ್ತ ಶಿಕ್ಷಕರಿದ್ದಾರೆ, ವೈದ್ಯರಿದ್ದಾರೆ, ಎಂಜಿನಿಯರುಗಳಿದ್ದಾರೆ, ಬ್ಯಾಂಕಿನಲ್ಲಿ ಜೀವ ಸವೆಸಿದವರಿದ್ದಾರೆ. ಶಾಲೆಯ ವಿಷಯವಿದ್ದರೆ ಶಿಕ್ಷಕರು, ಆಸ್ಪತ್ರೆಯ ವಿಷಯವಿದ್ದರೆ ವೈದ್ಯರು, ವರ್ಷಕ್ಕೆ ಒಂದೇ ಒಂದು ಅಧ್ಯಾಯವನ್ನು ಓದಿ, ಒಂದು ಭಾನುವಾರ ಸಂಜೆ ಉಳಿದವರಿಗೆ ಕನ್ನಡದಲ್ಲಿ ತಿಳಿಸಿ ಹೇಳಿದರೆ ಸಾಕು. ಪಕ್ಕದಲ್ಲಿ ಕುಳಿತ ಕಾಲೇಜಿನ ಮಗ ಅಥವಾ ಮಗಳು, "ಅಪ್ಪಾ, ಇದಕ್ಕೆ ಸರ್ಕಾರ ಏನು ಉತ್ತರ ಕೊಟ್ಟಿದೆ?" ಎಂದು ಕೇಳಿದರೆ, ವರದಿಯಲ್ಲಿ ಇಲಾಖೆಯ ಉತ್ತರವನ್ನೂ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ; ಅದನ್ನೂ ಓದಿ ಹೇಳಬೇಕು.